ಉಪ ಮೇಡಂ ಅವರ ಗಟ್ಟಿ ತೀರ್ಮಾನ

ಎಲ್ಲಕ್ಕೂ ಮೂಲ ಅಕೌಂಟೆಂಟರು ಹೋಗಿಬಂದ ಒಂದು ತರಬೇತಿ.

ಹಾಸಿಗೆ ಕಾರ್ಖಾನೆಯ ಅಕೌಂಟೆಂಟರು ಕಂಪನಿಯ ಖರ್ಚಿನಲ್ಲಿ ದೊಡ್ಡ ಹೋಟೆಲೊಂದರ ತಣ್ಣನೆಯ ಕೋಣೆಯಲ್ಲಿ ಕೂತು, ಯಾವ ದೇಶದ ಮಹಿಳಾ ಮ್ಯಾನೇಜರು ಹೇಗೆ ತೀರ್ಮಾನ ತೆಗೆದುಕೊಳ್ಳುತ್ತಾರೆ ಎಂಬ ವಿಷಯ ಕೇಳಿ ಬಂದಿದ್ದರು. ಹೋಗುವಾಗ ನಮ್ಮ ನಿಮ್ಮಂಥ ಸಾಧಾರಣ ಮನುಷ್ಯ. ಬರುವಾಗ ಜಗದ್ಗುರು. ಬಂದ ಮೇಲೆ ಉಪದೇಶಕ್ಕೆ ಶಿಷ್ಯರು ಸಿಗದೆ ಕೆಲವು ದಿನ ಒದ್ದಾಡಿದರು. ಕೊನೆಗೆ ಸಿಕ್ಕಿದ್ದು ಉಪ ಮೇಡಂ.

ಉಪ ಮೇಡಂ ಎಂದರೆ ಕಾರ್ಖಾನೆಯ ಉಪವ್ಯವಸ್ಥಾಪಕಿ. ಅವಳ ಮೇಲೆ ಮ್ಯಾನೇಜರುಗಳು ಬಂದರು, ಹೋದರು. ಬಂದವರಿಗೆಲ್ಲ ಅಂಟಿನ ಕೋಣೆ ಎಲ್ಲಿದೆ, ಫೋಮ್ ಕತ್ತರಿಸುವ ಯಂತ್ರಕ್ಕೆ ಎಲ್ಲಿ ತಟ್ಟಿದರೆ ಓಡುತ್ತದೆ ಎಂದು ಹೇಳಿಕೊಟ್ಟವಳು ಅವಳು. ಕಲಿತವರು ಬಡ್ತಿ ಪಡೆದು ಹೋದರು. ಅವಳ ಹಣೆಯಲ್ಲಿ 'ಉಪ' ಹಾಗೇ ಉಳಿಯಿತು, ಸೀರೆಗೆ ಹತ್ತಿದ ಅಂಟಿನ ಹಾಗೆ. ಎಷ್ಟರಮಟ್ಟಿಗೆ ಎಂದರೆ ಸಂಬಳದ ದಿನ ಬಿಟ್ಟರೆ ಅವಳ ನಿಜವಾದ ಹೆಸರು ಯಾರಿಗೂ ನೆನಪಾಗುತ್ತಿರಲಿಲ್ಲ. ಸಲಿಗೆಯಿಂದ ನಾವೂ ಉಪ ಎಂದೇ ಕರೆಯೋಣ.

ಈಗ ಕಂಪನಿ ಊರಿನ ಇನ್ನೊಂದು ತುದಿಯಲ್ಲಿ ಹೊಸ ಕಾರ್ಖಾನೆ ಕಟ್ಟಿಸಿತ್ತು. ಅದಕ್ಕೊಬ್ಬ ಮುಖ್ಯಸ್ಥೆ ಬೇಕು. ಆರಿಸಲು ಬರುತ್ತಿದ್ದವರು ಬೇರೆ ಮೂರು ದೇಶಗಳಲ್ಲಿ ಕಂಪನಿಯ ಕಾರ್ಖಾನೆ ನಡೆಸುತ್ತಿದ್ದ ಮೂವರು ಹೆಂಗಸರು. ಹೊರಗಿನವರಿಗೆ ಅವರ ಹೆಸರು ಗೊತ್ತಿಲ್ಲ; ಒಳಗಿನವರಿಗೆ ಆ ಹೆಸರುಗಳು ನಾಲಿಗೆಗೆ ಹೊರಳುವುದಿಲ್ಲ. ಹಾಗಾಗಿ ಹಿಮದ ನಾಡಿನವರು ಹಿಮದಮ್ಮ, ದ್ವೀಪದಿಂದ ಬರುವವರು ದ್ವೀಪದಮ್ಮ, ಮರಳುಗಾಡಿನ ಕಡೆಯವರು ಮರಳಮ್ಮ.

ಈ ಮೂವರ ಸುದ್ದಿಯನ್ನು ಉಪ, ಬೇರೆಯವರು ಸಿನಿಮಾ ನಟಿಯರ ಸುದ್ದಿ ಕೇಳುವ ಹಾಗೆ ಕೇಳುತ್ತಿದ್ದಳು. ವ್ಯಾಪಾರ ಬಿದ್ದ ವರ್ಷ ಹಿಮದಮ್ಮ ಎಲ್ಲರಿಗಿಂತ ಮೊದಲು ತಮ್ಮ ಸಂಬಳ ಕಡಿತ ಮಾಡಿಕೊಂಡಿದ್ದರು. ದ್ವೀಪದಮ್ಮ ಹೊಸ ಕಾರ್ಖಾನೆಗೆ ಹೋಗಿ ಮೊದಲ ಕೆಲವು ವಾರ ಬಾಯಿಯೇ ತೆರೆಯದೆ ನೋಡಿ, ಆಮೇಲೆ ಎರಡು ಮೇಜುಗಳ ಜಾಗ ಮಾತ್ರ ಬದಲಿಸಿದ್ದರು. ಮಾಲು ಕೆಡುವುದು ಅರ್ಧಕ್ಕಿಳಿದಿತ್ತು. ಮರಳಮ್ಮ ಒಂದು ಮುಷ್ಕರವನ್ನು ಕಾರ್ಮಿಕರ ಮನೆ ಮನೆಗೆ ಹೋಗಿ, ಅವರ ಅಡುಗೆಮನೆಯಲ್ಲಿ ಕೂತು ಮುಗಿಸಿದ್ದರು. ಕಂಪನಿಯಲ್ಲಿ ತೀರ್ಮಾನ ಮಾಡುವವರು ಈ ಮೂವರು, ಮಾಲೀಕರದು ರುಜು ಮಾತ್ರ ಎನ್ನುವ ಮಾತಿತ್ತು. ಆರಿಸಲ್ಪಟ್ಟವಳು ಅವರ ಜೊತೆ ನಾಲ್ಕನೆಯವಳಾಗಿ ಕೂರುತ್ತಾಳೆ. ಉಪಳಿಗೆ ಅದು ಬೇಕಿತ್ತು. ಬೇಕು ಎಂದು ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ. ಮನೆಯಲ್ಲಿ ಈಗ ಇರುವವರು ಇಬ್ಬರೇ, ಅವಳು ಮತ್ತು ಅತ್ತೆ. ಅತ್ತೆಗೂ ಹೇಳಿರಲಿಲ್ಲ, ಅತ್ತೆ ತಾವೇ ಕಂಡುಹಿಡಿದು ಪಕ್ಕದ ಮನೆಗೆ ಹೇಳಿಬಿಟ್ಟಿದ್ದರು.

ಆ ಮೂವರು ಬರುವ ಬೆಳಿಗ್ಗೆ ಅಕೌಂಟೆಂಟರು ಉಪಳ ಮೇಜಿನ ಮೇಲೆ ಎರಡೂ ಕೈಯೂರಿ ನಿಂತರು.

"ನೋಡಿ ಉಪ ಮೇಡಂ, ಒಂದೇ ಮಂತ್ರ ಮೂರೂ ದೇವರಿಗೆ ನಡೆಯಲ್ಲ. ಹಿಮದವರ ಹತ್ತಿರ ನೇರಾನೇರ. ಕ್ಷೇಮ ಗೀಮ ಅಂತ ಶುರು ಮಾಡಿದ್ರೋ, ನಿಮ್ಮ ಕತೆ ಮುಗೀತು."

"ದ್ವೀಪದವರ ಹತ್ತಿರ?"

"ಮೌನ. ಅವರಾಗಿ ಮಾತಾಡೋವರೆಗೂ ತುಟಿ ಬಿಚ್ಚಬೇಡಿ. ಅವರಲ್ಲಿ ಮಾತು ಕಡಿಮೆಯಾದಷ್ಟೂ ಮರ್ಯಾದೆ ಜಾಸ್ತಿ."

"ಮರಳಿನವರು?"

"ಅವರಿಗೆ ಮನುಷ್ಯ ಮೊದಲು, ವ್ಯವಹಾರ ಆಮೇಲೆ. ಮಕ್ಕಳು ಮರಿ, ತಾಯಿ ತಂದೆ, ಎಲ್ಲ ವಿಚಾರಿಸಿ. ಒಂದು ಅಂಕಿಯೂ ಬಾಯಿಗೆ ಬರಕೂಡದು."

ಖರೀದಿ ವಿಭಾಗದ ಮೇಡಂ ಪಕ್ಕದ ಮೇಜಿನಿಂದ ತಲೆ ಎತ್ತಿದಳು. ಉಪಳಿಗಿಂತ ಚಿಕ್ಕವಳು, ಚುರುಕು, ಉಪಳಿಂದಲೇ ಕೆಲಸ ಕಲಿತವಳು. "ಅಕ್ಕ, ನೀವು ಹೇಗಿದ್ದೀರೋ ಹಾಗೇ ಇದ್ದುಬಿಡಿ. ಇವರ ಮಾತು ಕೇಳಿದ್ರೆ ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡ ಹಾಗೆ."

"ನಿನಗೇನು ಗೊತ್ತಮ್ಮ," ಎಂದರು ಅಕೌಂಟೆಂಟರು. "ನೀನು ತರಬೇತಿಗೆ ಹೋಗಿದ್ದೀಯಾ?"

ಅವಳು ಹೋಗಿರಲಿಲ್ಲ.

ಮೊದಲು ಬಂದವರು ಹಿಮದಮ್ಮ. ಎತ್ತರದ ಆಳು, ತಮ್ಮ ಚೀಲ ತಾವೇ ಹೊತ್ತಿದ್ದರು. ಮೂವರಿಗೂ ಉಪಳಿಗೂ ನಡುವೆ ಇದ್ದದ್ದು ಕಂಪನಿಯ ಭಾಷೆ. ಯಾರಿಗೂ ಸ್ವಂತದ್ದಲ್ಲ, ಬಾಡಿಗೆ ಸೈಕಲ್ಲಿನ ಹಾಗೆ ಎಲ್ಲರೂ ಹೇಗೋ ತುಳಿಯುತ್ತಿದ್ದರು.

"ನಮಸ್ಕಾರ," ಎಂದಳು ಉಪ, ಬಾಗಿಲಲ್ಲೇ. "ಎರಡು ಬಗೆಯ ಫೋಮ್ ಇದೆ. ಒಂದು ದುಬಾರಿ, ಇನ್ನೊಂದು ಕಳಪೆ. ಹೊಸ ಕಾರ್ಖಾನೆಗೆ ಯಾವುದು ಅಂತ ಈಗಲೇ ತೀರ್ಮಾನಿಸೋಣ."

ಹಿಮದಮ್ಮ ನಕ್ಕರು. ಕನ್ನಡಿಯ ಮುಂದೆ ಅಭ್ಯಾಸ ಮಾಡಿದಂಥ ನಗು. "ಅದಿರಲಿ. ಮನೆಯಲ್ಲಿ ಎಲ್ಲರೂ ಕ್ಷೇಮವೇ?"

"ಕ್ಷೇಮ. ಫೋಮಿನ ವಿಷಯ ಏನೆಂದರೆ..."

"ಅತ್ತೆಯವರು ನಿಮ್ಮ ಜೊತೆ ಇದ್ದಾರಂತೆ. ಚೆನ್ನಾಗಿ ನಿದ್ದೆ ಬರುತ್ತಾ ಅವರಿಗೆ?"

"ಬರುತ್ತೆ. ದಪ್ಪ ಹೆಚ್ಚಾದರೆ..."

"ಮಂಡಿನೋವು?"

"ಎಡಗಡೆಯದು," ಎಂದುಬಿಟ್ಟಳು ಉಪ, ಸೋತು. ಅದೇ ಹೊತ್ತಿಗೆ ಅತ್ತೆಯದೇ ಫೋನು ಬಂತು. "ಸಿಕ್ತೇನೇ?" "ಇನ್ನೂ ಇಲ್ಲ ಅತ್ತೆ, ಇಡಿ." ಫೋನಿಟ್ಟು ತಿರುಗಿದರೆ ಹಿಮದಮ್ಮನ ಮುಖದಲ್ಲಿ ಪರೀಕ್ಷೆ ಪಾಸಾದ ಹುಡುಗಿಯ ಸಂತೋಷ. "ಅವರೇನಾ? ನಾನು ಕೇಳಿದೆ ಅಂತ ಹೇಳಿ."

ನೇರಾನೇರ ಎಂದರೆ ಇದೇನಾ ಎಂದು ಉಪ ಯೋಚಿಸುತ್ತಿರುವಾಗಲೇ ದ್ವೀಪದಮ್ಮ ಬಂದರು. ಸಣ್ಣ ಮೈಕಟ್ಟು, ಮೆತ್ತಗಿನ ಹೆಜ್ಜೆ. ಉಪ ತಲೆಬಾಗಿ ತುಟಿ ಬಿಗಿದಳು. ದ್ವೀಪದಮ್ಮನೂ ತಲೆಬಾಗಿದರು. ಒಂದು ಗಳಿಗೆ ಮೌನ. ಪರವಾಗಿಲ್ಲ, ಕೆಲಸ ಆಗುತ್ತಿದೆ ಎಂದುಕೊಂಡಳು ಉಪ.

ಆಗ ದ್ವೀಪದಮ್ಮ ಮಾತಾಡಲು ಶುರುಮಾಡಿದರು. ನಲ್ಲಿ ಕಿತ್ತುಬಂದ ಹಾಗೆ ಶುರುಮಾಡಿದರು. ವಿಮಾನ ತಡವಾದದ್ದು, ಪಕ್ಕದ ಸೀಟಿನವರ ಗೊರಕೆ, ತಮ್ಮ ಊರಿನ ರೈಲು, ತಮ್ಮ ಬೆಕ್ಕು, ಬೆಕ್ಕಿನ ಹಿಂದಿನ ಬೆಕ್ಕು. ನಡುನಡುವೆ ನೀರು ಕುಡಿದು ಹಣೆ ಒರೆಸಿಕೊಳ್ಳುತ್ತಿದ್ದರು. ಉಪ ಕಲ್ಲಿನ ಹಾಗೆ ನಿಂತಿದ್ದಳು. ಅವಳು ಸುಮ್ಮನಿದ್ದಷ್ಟೂ ದ್ವೀಪದಮ್ಮನ ಕಣ್ಣಲ್ಲಿ ಗಾಬರಿ ಹೆಚ್ಚುತ್ತಿತ್ತು, ಗಾಬರಿ ಹೆಚ್ಚಿದಷ್ಟೂ ಮಾತು ಹೆಚ್ಚುತ್ತಿತ್ತು. ಕೊನೆಗೆ ಅವರು ದನಿ ತಗ್ಗಿಸಿ ಕೇಳಿದರು: "ನನ್ನಿಂದ ಏನಾದರೂ ತಪ್ಪಾಯಿತಾ? ನಿಮಗೆ ಕೋಪ ಬಂದಿದೆಯಾ?"

ಉಪ ಇಲ್ಲವೆಂದು ತಲೆ ಆಡಿಸಿದಳು. ಆ ತಲೆಯಾಡಿಸುವಿಕೆ ದ್ವೀಪದಮ್ಮನಿಗೆ ಹೇಗೆ ಕಂಡಿತೋ, ಮೂರನೆಯ ಬೆಕ್ಕಿನ ಕತೆ ಶುರುವಾಯಿತು.

ಮರಳಮ್ಮ ಬಂದಾಗ ಉಪ ಓಡಿಹೋಗಿ ಎರಡೂ ಕೈ ಹಿಡಿದುಕೊಂಡಳು. "ಬನ್ನಿ ಬನ್ನಿ. ಮಕ್ಕಳು ಹೇಗಿದ್ದಾರೆ?"

"ತಿಂಗಳಿಗೆ ಎಷ್ಟು ಹಾಸಿಗೆ?" ಎಂದರು ಮರಳಮ್ಮ.

"ತಾಯಿಯವರ ಆರೋಗ್ಯ?"

"ಅದರಲ್ಲಿ ವಾಪಸು ಬರೋದು ನೂರಕ್ಕೆಷ್ಟು?"

"ಪ್ರಯಾಣದಲ್ಲಿ ಆಯಾಸ ಆಯ್ತೇನೋ."

"ಹೊಲಿಗೆ ವಿಭಾಗಕ್ಕೆ ವಿದ್ಯುತ್ ಖರ್ಚು?"

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಎದುರುಬದುರು ಬಂದ ಇಬ್ಬರು ಒಂದೇ ಪಕ್ಕಕ್ಕೆ ಸರಿದು, ಮತ್ತೆ ಒಂದೇ ಪಕ್ಕಕ್ಕೆ ಸರಿದು, ದಾರಿಯೇ ಸಿಗದೆ ನಿಲ್ಲುತ್ತಾರಲ್ಲ, ಹಾಗೆ.

ಅಕೌಂಟೆಂಟರು ಕಂಬದ ಮರೆಯಿಂದ ಹೆಬ್ಬೆರಳೆತ್ತಿ ತೋರಿಸಿದರು. ದೂರದಿಂದ ಅವರಿಗೆ ಎಲ್ಲ ಸರಿಯಾಗಿಯೇ ಕಾಣುತ್ತಿತ್ತು.

ಮಧ್ಯಾಹ್ನ ಹಾಸಿಗೆ ಪರೀಕ್ಷೆಯ ಕೋಣೆ. ಹೊಸ ಕಾರ್ಖಾನೆಯ ಮೊದಲ ಹಾಸಿಗೆ ಯಾವುದಿರಬೇಕು ಎಂದು ನಾಲ್ವರೂ ಮಲಗಿ ನೋಡಿ ಹೇಳಬೇಕು. ಮಲಗಿದರು. ಹಿಮದಮ್ಮ ಏನೂ ಹೇಳಲಿಲ್ಲ, ಮೊದಲು ಬಾಯಿಬಿಟ್ಟರೆ ಒರಟುತನವಾದೀತೆಂದು. ಮರಳಮ್ಮ ಕೈಗಡಿಯಾರ ನೋಡುತ್ತ ಮಲಗಿದ್ದರು. ದ್ವೀಪದಮ್ಮ ಬೆಳಗಿನಿಂದ ಮಾತಾಡಿದ ಸುಸ್ತಿಗೆ ನಿಜವಾಗಿ ನಿದ್ದೆಹೋದರು. ಅವರು ಆಳವಾಗಿ ಚಿಂತಿಸುತ್ತಿದ್ದಾರೆಂದು ಉಪ ಉಸಿರು ಸಹ ಮೆಲ್ಲಗೆ ಬಿಟ್ಟಳು. ಟೀ ತಟ್ಟೆ ಹಿಡಿದು ಬಾಗಿಲು ತೆರೆದ ಅಕೌಂಟೆಂಟರಿಗೆ ಕಂಡದ್ದು, ಕಂಪನಿಯ ಭವಿಷ್ಯ ಸಾಲಾಗಿ ಅಂಗಾತ ಮಲಗಿರುವುದು. ಅವರು ಟೀಯನ್ನು ತಾವೇ ಕುಡಿದು ವಾಪಸು ಹೋದರು.

ಇನ್ನೇನು ದಿನ ಹಾಗೇ ಮುಗಿಯಬೇಕು, ಅಷ್ಟರಲ್ಲಿ ಒಂದು ವಾಸನೆ ಬಂತು.

ಉಪ ಎದ್ದು ಕೂತಳು. ಅಂಟಿನ ವಾಸನೆ. ಅಂಟಿನ ಕೋಣೆಯಲ್ಲಿ ಗಾಳಿ ಹೊರಗೆಳೆಯುವ ದೊಡ್ಡ ಫ್ಯಾನು ಇದೆ. ಅದು ಓಡುತ್ತಿದ್ದರೆ ಈ ವಾಸನೆ ಗೋಡೆ ದಾಟುವುದಿಲ್ಲ. ಅವಳು ಚಪ್ಪಲಿ ಹಾಕಿಕೊಳ್ಳದೆ ಓಡಿದಳು. ಮೂವರೂ ಹಿಂದೆ.

ಹೊಲಿಗೆ ಹಾಲಿನಲ್ಲಿ ಹೆಂಗಸರು ಸೆರಗು, ದುಪಟ್ಟ ಮೂಗಿಗೆ ಹಿಡಿದು ಕೆಮ್ಮುತ್ತಲೇ ಹೊಲಿಯುತ್ತಿದ್ದರು. ಮೇಲ್ವಿಚಾರಕ ಕೈ ಹೊಸಕುತ್ತ ನಿಂತಿದ್ದ. "ಫ್ಯಾನು ನಿಂತುಹೋಯ್ತು ಮೇಡಂ. ಸಾಯಂಕಾಲದ ಲಾರಿಗೆ ಮಾಲು ತುಂಬಿಸಬೇಕು. ದೊಡ್ಡವರು ಬೇರೆ ಬಂದಿದ್ದಾರೆ, ಇವತ್ತೇ ಕೆಲಸ ನಿಲ್ಲಿಸಿದ್ರೆ ಚೆನ್ನಾಗಿರಲ್ಲ ಅಂತ..."

"ನಿಲ್ಲಿಸು," ಎಂದಳು ಉಪ.

"ಮೇಡಂ, ಲಾರಿ..."

"ಎಷ್ಟಾಗಿದೆಯೋ ಅಷ್ಟು ಹೋಗಲಿ. ಅರ್ಧ ಲಾರಿ ಹೋದ್ರೆ ನಾನು ಬೈಸ್ಕೋತೀನಿ. ಇವರ ಎದೆ ಕೆಟ್ಟರೆ ಅದನ್ನ ಯಾರು ಹೊಲಿದುಕೊಡ್ತಾರೆ?"

ಯಂತ್ರಗಳು ಒಂದೊಂದಾಗಿ ನಿಂತವು. ಉಪ ಹೆಂಗಸರನ್ನೆಲ್ಲ ಅಂಗಳಕ್ಕೆ ಕಳಿಸಿದಳು. ಯಾರಿಗೆ ತಲೆ ಸುತ್ತುತ್ತಿದೆ, ಯಾರ ಮನೆಯಲ್ಲಿ ಕೈಗೂಸಿದೆ ಎಂದು ಒಬ್ಬೊಬ್ಬರ ಗಲ್ಲ ಹಿಡಿದು ಕೇಳಿದಳು. ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಮೆಕ್ಯಾನಿಕ್ಕಿನ ಜೊತೆ ಫ್ಯಾನಿನ ಹತ್ತಿರ ಹೋಗಿ, ಅವನು ಅದನ್ನು ಚಾಲೂ ಮಾಡಿದಾಗ ಮಾತಿಲ್ಲದೆ ಕಿವಿಗೊಟ್ಟು ನಿಂತಳು. ಹೊರಗೆ ಬಂದು ಹೇಳಿದಳು: "ಬೆಲ್ಟು ಹೋಗಿದೆ. ಇವತ್ತು ಇನ್ನು ಕೆಲಸ ಇಲ್ಲ. ಸಂಬಳ ಇದೆ. ನಾಳೆ ಬೇಗ ಬರೋಕೆ ಯಾರಿಗಾಗುತ್ತೋ ಅವರು ಬನ್ನಿ, ಆಗದವರು ಮುಖ ಸಣ್ಣ ಮಾಡ್ಕೋಬೇಡಿ."

ಅಂಗಳದಲ್ಲಿ ನೋಡಿದರೆ ಮೂವರು ಅತಿಥಿಗಳೂ ತಂತಮ್ಮ ಪಾಡಿಗೆ ಕೆಲಸಕ್ಕೆ ಇಳಿದಿದ್ದರು. ಹಿಮದಮ್ಮ ಲಾರಿಯವನಿಗೆ ಎರಡೇ ಮಾತಿನಲ್ಲಿ ವಿಷಯ ಮುಗಿಸಿದ್ದರು. ಮರಳಮ್ಮ ಗೊತ್ತಿಲ್ಲದ ಭಾಷೆಯ ಹೆಂಗಸರ ನಡುವೆ ಕೂತು ಒಬ್ಬಳ ಬೆನ್ನು ನೀವುತ್ತಿದ್ದರು. ದ್ವೀಪದಮ್ಮ ಒಂದೂ ಮಾತಾಡದೆ ಫ್ಯಾನಿನ ಕಿಟಕಿಯನ್ನೇ ನೋಡುತ್ತಿದ್ದು, ಕೊನೆಗೆ ಎದುರಿನ ಗೋಡೆ ತೋರಿಸಿ, "ಅಲ್ಲೊಂದು ಕಿಟಕಿ ಬೇಕು," ಎಂದರು. ಬೆಳಗಿನಿಂದ ಅವರಾಡಿದ್ದರಲ್ಲಿ ಅತಿ ಚಿಕ್ಕ ಮಾತು. ಆ ಗೋಡೆಯ ಮುಂದೆ ಅಷ್ಟು ವರ್ಷ ಓಡಾಡಿದ್ದ ಉಪಳಿಗೆ ಅದು ಹೊಳೆದಿರಲಿಲ್ಲ.

ಉಪ ಮೂವರನ್ನೂ ನೋಡುತ್ತ ನಿಂತುಬಿಟ್ಟಳು. ಕೇಳಿದ್ದ ಕತೆಗಳೆಲ್ಲ ನಿಜ.

"ಬೆಳಿಗ್ಗೆ ನೀವೆಲ್ಲ ಹೀಗಿರಲಿಲ್ಲ," ಎಂದಳು.

ಹಿಮದಮ್ಮ ಗೋಡೆಗೊರಗಿ ಉಸಿರುಬಿಟ್ಟರು. "ನಿಮ್ಮ ದೇಶಕ್ಕೆ ಹೊರಟಾಗ ನಮಗೊಂದು ತರಬೇತಿ ಕೊಟ್ಟರು. ಇಲ್ಲಿಯವರ ಜೊತೆ ಮೊದಲು ಮನೆ ಮಾತಾಡಬೇಕು ಅಂತ. ನಾನು ನನ್ನ ಸ್ವಂತ ತಾಯಿಯ ಮಂಡಿಯನ್ನೂ ವಿಚಾರಿಸಿದವಳಲ್ಲ."

"ನನಗೆ ಹೇಳಿದ್ದು, ಸುಮ್ಮನಿದ್ದರೆ ಇಲ್ಲಿ ಕೋಪ ಅಂದುಕೊಳ್ಳುತ್ತಾರೆ ಅಂತ," ಎಂದರು ದ್ವೀಪದಮ್ಮ. "ನನ್ನ ಹತ್ತಿರ ಇರೋದು ಒಂದೇ ಬೆಕ್ಕು."

"ಇಲ್ಲಿಯವರಿಗೆ ಅಂಕಿ ಅಂದರೆ ಪ್ರಾಣ ಅಂದರು ನನಗೆ," ಎಂದರು ಮರಳಮ್ಮ. "ನೀವು ಮಕ್ಕಳ ಬಗ್ಗೆ ಕೇಳಿದಾಗ ಉತ್ತರ ಹೇಳಲು ಎಷ್ಟು ಆಸೆಯಾಯಿತು ಗೊತ್ತಾ?"

ಉಪ ತನ್ನ ಗುರುಗಳ ಉಪದೇಶವನ್ನು ಹೇಳಿದಳು. ನಾಲ್ವರೂ ಅಂಗಳದ ಕಟ್ಟೆಯ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ನಗುವಿಗೆ ಯಾವ ಭಾಷೆಯೂ ಬೇಕಿರಲಿಲ್ಲ.

ಸಂಜೆ ಮೂವರೂ ಮ್ಯಾನೇಜರ ಕೋಣೆಯಲ್ಲಿ ಕೂತು ಉಪಳನ್ನು ಕರೆಸಿದರು. ಅವಳು ಬರುವಾಗ ಖಾಲಿ ಕುರ್ಚಿಯೊಂದನ್ನು ಹಿಮದಮ್ಮ ತಾವೇ ಎಳೆದಿಟ್ಟರು.

"ನಮ್ಮ ಮೂವರದೂ ಒಂದೇ ಅಭಿಪ್ರಾಯ," ಎಂದರು. "ಹಾಗಾಗೋದು ಅಪರೂಪ. ಇವತ್ತು ನೀವು ಅಂಗಳದಲ್ಲಿ ಮಾಡಿದ್ದನ್ನು ನಾವು ಮೂವರೂ ಸೇರಿ ಮಾಡಬಹುದಿತ್ತು. ನೀವು ಒಬ್ಬರೇ ಮಾಡಿದಿರಿ. ಹೊಸ ಕಾರ್ಖಾನೆ ವಹಿಸಿಕೊಳ್ಳುತ್ತೀರಾ?"

ಉಪ ಇಷ್ಟು ವರ್ಷ ಕಾದದ್ದು ಬಂದು ಮಡಿಲಿಗೆ ಬಿದ್ದಿತ್ತು. ಆದರೆ ಬೇಕಾದದ್ದನ್ನು ಮೊದಲ ಸಲವೇ ಬೇಕು ಎನ್ನುವವರನ್ನು ಅವಳು ಬೆಳೆದ ಮನೆಯಲ್ಲಿ ಲಜ್ಜೆಗೆಟ್ಟವರು ಎನ್ನುತ್ತಿದ್ದರು. ಮೊದಲ ಸಲ ಬೇಡ ಎನ್ನಬೇಕು. ಇನ್ನೊಬ್ಬರ ಹೆಸರು ಹೇಳಬೇಕು. ಎದುರಿನವರು ಇನ್ನೊಮ್ಮೆ ಒತ್ತಾಯಿಸುತ್ತಾರೆ. ಆಗ, 'ನೀವು ಅಷ್ಟು ಹೇಳಿದ ಮೇಲೆ' ಎಂದು ಒಪ್ಪಿಕೊಳ್ಳಬೇಕು. ಯೋಚಿಸಿ ಮಾಡುವ ಕೆಲಸ ಅಲ್ಲ ಇದು. ಎಡವಿದಾಗ ಕೈ ತಾನಾಗಿ ಮುಂದೆ ಬರುವ ಹಾಗೆ ಬರುತ್ತದೆ.

"ಅಯ್ಯೋ, ನನಗೆಲ್ಲಿಯದು," ಎಂದಳು ಉಪ. "ನನಗೆ ಬೇಡ. ಖರೀದಿ ಮೇಡಂ ಇದ್ದಾರಲ್ಲ, ಚುರುಕು, ಸಮರ್ಥೆ. ಅವರಿಗೆ ಕೊಡಿ."

ಹೇಳಿ, ತಲೆ ತಗ್ಗಿಸಿ, ಎರಡನೆಯ ಸಲಕ್ಕೆ ಕಾದಳು.

ಹಿಮದಮ್ಮ ಎದ್ದುನಿಂತರು. ಅವರ ಕಣ್ಣಲ್ಲಿ ಅಭಿಮಾನ ತುಂಬಿತ್ತು. "ಇಲ್ಲಿಯವರು ಎಲ್ಲಕ್ಕೂ ಹೂಂ ಅಂತಾರೆ, ಬೇಡ ಅನ್ನೋದು ಅವರ ಬಾಯಲ್ಲಿ ಬರೋದೇ ಇಲ್ಲ ಅಂತ ನಮಗೆ ಹೇಳಿದ್ದರು. ಇಷ್ಟು ದೊಡ್ಡ ಅವಕಾಶಕ್ಕೆ ಇಷ್ಟು ಸ್ಪಷ್ಟವಾಗಿ ಬೇಡ ಅಂದಿರಿ. ಇದಪ್ಪ ತೀರ್ಮಾನ ಅಂದರೆ."

"ಹಾಗಲ್ಲ, ನಾನು ಹೇಳಿದ್ದು ಏನೆಂದರೆ..."

ಮರಳಮ್ಮ ಅವಳ ಕೈ ತಮ್ಮ ಕೈಯಲ್ಲಿ ತೆಗೆದುಕೊಂಡರು. "ಕಾರಣ ಹೇಳಬೇಡಿ. ನಿಮ್ಮ ಕೈಕೆಳಗೆ ಕಲಿತವಳನ್ನು ಮುಂದೆ ಬಿಟ್ಟು ನೀವು ಹಿಂದೆ ಸರಿದಿರಿ. ಇಂಥ ದೊಡ್ಡ ಮನಸ್ಸನ್ನು ನಾವು ಒತ್ತಾಯ ಮಾಡಿ ಅವಮಾನಿಸುವುದಿಲ್ಲ."

ಉಪ ಬಾಯಿ ತೆರೆದಳು. ಅಷ್ಟರಲ್ಲಿ ದ್ವೀಪದಮ್ಮ ಎದ್ದು, ಅವಳಿಗೆ ಆಳವಾಗಿ ತಲೆಬಾಗಿ, ಹಾಗೇ ನಿಂತರು. ಉಳಿದಿಬ್ಬರೂ ಗೌರವದಿಂದ ಸುಮ್ಮನಾದರು. ಅಂಥ ಮೌನವನ್ನು ಮುರಿಯಲು ಕಬ್ಬಿಣದ ಗುಂಡಿಗೆ ಬೇಕು. ದ್ವೀಪದಮ್ಮ ತಲೆ ಎತ್ತುವ ಹೊತ್ತಿಗೆ ವಿಷಯ ಮುಗಿದುಹೋಗಿತ್ತು.

"ನೀವೇ ಹೋಗಿ ಆಕೆಯನ್ನು ಕೇಳಿ," ಎಂದರು ಹಿಮದಮ್ಮ. "ಒಂದು ವೇಳೆ ಆಕೆ ಒಪ್ಪದಿದ್ದರೆ ಮಾತ್ರ, ಕ್ಷಮಿಸಿ, ನಿಮ್ಮನ್ನೇ ಇನ್ನೊಮ್ಮೆ ಕೇಳಬೇಕಾಗುತ್ತೆ."

ಉಪ ಹೊರಗೆ ಬಂದಳು. ಖರೀದಿ ಮೇಡಂ ತನ್ನ ಮೇಜಿನಲ್ಲಿ ಬೆಲ್ಟು ಮಾರುವವರಿಗೆ ಫೋನು ಮಾಡಿ ಮುಗಿಸುತ್ತಿದ್ದಳು. ಅಕೌಂಟೆಂಟರು ಪಕ್ಕದಲ್ಲೇ ಕಿವಿ ಅಗಲಿಸಿಕೊಂಡು ಕೂತಿದ್ದರು.

"ಹೊಸ ಕಾರ್ಖಾನೆ ನೀನು ನೋಡ್ಕೋತೀಯಾ ಅಂತ ಕೇಳ್ತಿದ್ದಾರೆ," ಎಂದಳು ಉಪ.

ಕೇಳಿಸಿಕೊಂಡವಳ ಮುಖ ಒಮ್ಮೆ ಬೆಳಗಿ, ಮರುಗಳಿಗೆ ಬಾಗಿತು. "ಅಯ್ಯೋ, ನನಗೆಲ್ಲಿಯದು ಅಕ್ಕ. ನಿಮ್ಮ ಮುಂದೆ ನಾನೆಷ್ಟರವಳು. ನನಗೆ ಬೇಡ."

ಅಕೌಂಟೆಂಟರು ಪಿಸುಗುಟ್ಟಿದರು: "ಬೇಡ ಅಂದಳಲ್ಲ. ಆಯ್ತು. ಹೋಗಿ ಹಾಗೇ ಹೇಳಿಬಿಡಿ."

ಹೇಳಬಹುದಿತ್ತು. ಸುಳ್ಳೇನೂ ಆಗುತ್ತಿರಲಿಲ್ಲ. ಗಾಜಿನ ಬಾಗಿಲಾಚೆ ಮೂವರೂ ಕಾಣುತ್ತಿದ್ದರು, ಅವರ ಮುಂದೆ ಆ ಖಾಲಿ ಕುರ್ಚಿಯೂ. ತಿರುಗಿ ನಾಲ್ಕು ಹೆಜ್ಜೆ ಇಟ್ಟು, 'ಆಕೆ ಬೇಡ ಅಂದಳು' ಎಂದರೆ ಸಾಕು. ಅವರು ಇನ್ನೊಮ್ಮೆ ಕೇಳುತ್ತಾರೆ.

ಉಪ ಖರೀದಿ ಮೇಡಂ ಕಡೆ ನೋಡಿದಳು. ತಲೆ ತಗ್ಗಿಸಿ, ಮೇಜಿನ ಅಂಚನ್ನು ಉಗುರಿನಿಂದ ಕೆರೆಯುತ್ತ, ಉಸಿರು ಬಿಗಿಹಿಡಿದು ಕಾಯುತ್ತಿದ್ದಳು. ಯಾವುದಕ್ಕೆ ಕಾಯುತ್ತಿದ್ದಾಳೆ ಎಂದು ಈ ಭೂಮಿಯ ಮೇಲೆ ಯಾರಿಗಾದರೂ ಸರಿಯಾಗಿ ಗೊತ್ತಿದ್ದರೆ ಅದು ಉಪಳಿಗೆ.

"ಇನ್ನೊಂದು ಸಲ ಯೋಚನೆ ಮಾಡು, ನಿನ್ನ ಕೈಲಿ ಆಗ..."

"ನೀವು ಅಷ್ಟು ಹೇಳಿದ ಮೇಲೆ ಇಲ್ಲ ಅನ್ನೋಕಾಗುತ್ತಾ ಅಕ್ಕ," ಎಂದಳು ಅವಳು. ಮಾತು ಪೂರ್ತಿಯಾಗಲೂ ಬಿಡಲಿಲ್ಲ. ಎದ್ದು ಬಂದು ಉಪಳ ಕಾಲು ಮುಟ್ಟಲು ಬಾಗಿದಳು. ಉಪ ನಡುವೆಯೇ ಹಿಡಿದು ಎಬ್ಬಿಸಿದಳು.

ಮನೆಗೆ ಹೋಗುವ ಬಸ್ಸಿನಲ್ಲಿ ಅತ್ತೆಯ ಫೋನು ಬಂತು.

"ಏನಾಯ್ತೇ? ಕೇಳಿದ್ರಾ?"

"ಕೇಳಿದ್ರು ಅತ್ತೆ."

"ನೀನೇನಂದೆ?"

"ಬೇಡ ಅಂದೆ."

"ಸರಿಯಾಗಿ ಅಂದೆ," ಎಂದರು ಅತ್ತೆ, ತೃಪ್ತಿಯಿಂದ. "ಮೊದಲನೇ ಸಲಕ್ಕೇ ಬಾಯ್ಬಿಟ್ಟರೆ ನಾಳೆ ಅವರೇ ಆಡ್ಕೋತಾರೆ. ಎರಡನೇ ಸಲ ಕೇಳಿದಾಗ ತಾನೇ ಒಪ್ಪಿಕೊಂಡಿದ್ದು?"

"ಎರಡನೇ ಸಲ ಕೇಳಿದವಳು ನಾನು, ಅತ್ತೆ."